ತೂತು ಬಿದ್ದ ಕಂಪ್ಯೂಟರೂ ಅಪ್ಪನ ಕೈಗುಣವೂ

ಕಂಪ್ಯೂಟರ್ ಪರದೆಯ ಮೇಲಿನ ಹಸಿರು ಗೆರೆ ಅರ್ಧಕ್ಕೆ ಬಂದು ಮುಂದಕ್ಕೆ ತೆವಳುತ್ತಿತ್ತು. ಇನ್ನೇನು ಮುಗಿದಂತೆಯೇ ಎಂದುಕೊಂಡು ಪುಟ್ಟ ತಣ್ಣಗಾಗಿದ್ದ ಟೀಯನ್ನು ಬಾಯಿಗಿಟ್ಟ. ಅಷ್ಟರಲ್ಲಿ ಟಪ್ ಎಂದು ಸದ್ದಾಗಿ ಕಂಪ್ಯೂಟರ್ ಆರಿಹೋಯಿತು. ಕಪ್ಪಾದ ಪರದೆಯಲ್ಲಿ ಅವನಿಗೆ ಅವನ ಮುಖವೇ ಕಾಣಿಸಿತು. ಬೆಳಗ್ಗೆ ಎದ್ದು ಯಾರ ಮುಖ ನೋಡಿದೆನೋ ಎಂದು ಬೈದುಕೊಳ್ಳೋಣವೆಂದರೆ, ಅವನು ಎದ್ದ ಕೂಡಲೇ ನೋಡಿದ್ದೂ ಇದೇ ಪರದೆಯಲ್ಲಿ ಇದೇ ಮುಖವನ್ನು.

ಬೆಳಗಿನಿಂದ ಹೀಗೆ ಆಗುತ್ತಿರುವುದು ಇದು ಮೂರನೆಯ ಸಲ.

ಪುಟ್ಟ ಎಂದ ಕೂಡಲೇ ಯಾರೋ ಹುಡುಗ ಎಂದುಕೊಳ್ಳಬೇಡಿ. ವಯಸ್ಸು ನಲವತ್ತು ದಾಟಿದೆ, ತಲೆಯಲ್ಲಿ ಕೂದಲಿಗಿಂತ ನೆತ್ತಿಯೇ ಹೆಚ್ಚು. ಮೂವರು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದ ತಪ್ಪಿಗೆ ಮನೆಯವರಿಗೂ ಬೀದಿಯವರಿಗೂ ಇವತ್ತಿಗೂ ಅವನು ಪುಟ್ಟನೇ. ನಗರಸಭೆಯ ಜನನ ಮರಣ ವಿಭಾಗದಲ್ಲಿ ಗುಮಾಸ್ತ, ಅದರಲ್ಲೂ ಮರಣದ ಕಡೆಯ ಮೇಜು. ಹೋದ ತಿಂಗಳು ಅಪ್ಪ ತೀರಿಕೊಂಡಾಗ ಸರ್ಟಿಫಿಕೇಟನ್ನು ತಾನೇ ಟೈಪು ಮಾಡಿ, ತಾನೇ ಮೊಹರು ಒತ್ತಿ, ಕಿಟಕಿಯ ಈಚೆಗೆ ಬಂದು ಅರ್ಜಿದಾರನಾಗಿ ಸಹಿ ಹಾಕಿ ತಾನೇ ಪಡೆದುಕೊಂಡಿದ್ದ. ಮತ್ತೆ ಒಳಗೆ ಹೋಗಿ ಕೂತು, ಮುಂದಿನವರು ಬನ್ನಿ ಎಂದು ಕೂಗಿದ್ದೂ ಅವನೇ. ದುಃಖಪಡಲು ಸಿಕ್ಕ ಹೊತ್ತು ಅಷ್ಟೇ.

ಇವತ್ತು ಸಂಜೆ ಅಪ್ಪನ ನೆನಪಿಗೆಂದು ಎಲ್ಲರೂ ಸೇರುವವರಿದ್ದರು. ನೆಂಟರು, ಬೀದಿಯವರು, ಅಪ್ಪನ ಜೊತೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು. ಒಂದೇ ಕಟ್ಟಡದಲ್ಲಿ ಕೆಳಗೆ ಅಪ್ಪ ಅಮ್ಮ, ಮೇಲೆ ಪುಟ್ಟ ಮತ್ತು ಅವನ ಹೆಂಡತಿ ಇದ್ದದ್ದರಿಂದ ಸಭೆ ಕೆಳಗಿನ ಮನೆಯಲ್ಲೇ. ಅಪ್ಪನ ಹಳೆಯ ಫೋಟೋ, ವಿಡಿಯೋಗಳನ್ನೆಲ್ಲ ಪೋಣಿಸಿ ಒಂದು ಚಿಕ್ಕ ಸಿನಿಮಾ ಮಾಡಿ ತೋರಿಸುವುದೆಂದು ಆಗಿತ್ತು. ಅಣ್ಣ ಅದನ್ನು ಸ್ಟುಡಿಯೋದವರಿಗೆ ವಹಿಸುವವನಿದ್ದ.

"ನಾನು ಮಾಡ್ತೀನಿ ಅಣ್ಣ" ಎಂದು ಪುಟ್ಟ ಬಾಯಿ ಹಾಕಿದ್ದ.

"ನೀನಾ?" ಎಂದ ಅಣ್ಣ. ಅವನ ಮನೆಯಲ್ಲಿ ಪುಟ್ಟನಿಗೆ ಫ್ಯಾನಿನ ಸ್ವಿಚ್ಚು ಮುಟ್ಟಲೂ ಅಪ್ಪಣೆಯಿರಲಿಲ್ಲ. ಹಿಂದೆ ಒಮ್ಮೆ ಮುಟ್ಟಿದ್ದ, ಅದರ ಕತೆ ಬೇರೆ. "ನೋಡೋ, ಇದು ಅಪ್ಪನ ವಿಷಯ. ಎಲ್ಲರ ಮುಂದೆ ಮರ್ಯಾದೆ ಹೋಗೋ ಹಾಗೆ ಮಾಡ್ಬೇಡ."

ಇಡೀ ಮನೆತನದಲ್ಲಿ ಪುಟ್ಟನನ್ನು ನಂಬಿ ಒಪ್ಪಿಸಿದ ಮೊದಲನೆಯ ಕೆಲಸ ಅದು. ಅದನ್ನು ಚೆನ್ನಾಗಿ ಮಾಡಿ ತೋರಿಸಬೇಕೆಂಬ ಹಟ ಅವನಿಗಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಕೊನೆಯ ದಿನಗಳಲ್ಲಿ ಅಪ್ಪ ಹಾಸಿಗೆಯಲ್ಲಿ ಒರಗಿ ಕೂತು ನಾಲ್ಕು ಮಾತಾಡಿದ್ದನ್ನು ಅಮ್ಮ ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದಳು. "ಮೊದಲು ಪೂರ್ತಿ ಕೇಳು, ಆಮೇಲೆ ಸಿನಿಮಾಕ್ಕೆ ಹಾಕು" ಎಂದು ಅದನ್ನು ಪುಟ್ಟನಿಗೆ ಕೊಟ್ಟಿದ್ದಳು. ಪುಟ್ಟ ಹಚ್ಚಿದ. "ಪುಟ್ಟನ ವಿಷಯ ಹೇಳ್ಬೇಕು" ಎಂದು ಅಪ್ಪನ ದನಿ ಕೇಳಿದ್ದೇ ತಡ, ವಿಡಿಯೋ ನಿಲ್ಲಿಸಿಬಿಟ್ಟ. ಆಮೇಲೆ ಎಷ್ಟು ಸಲ ಕೂತರೂ ಆ ಮಾತಿನಿಂದ ಮುಂದಕ್ಕೆ ಹೋಗುವ ಧೈರ್ಯ ಬರಲಿಲ್ಲ. ಕೊನೆಗೆ ಕೇಳದೆಯೇ ಇಡಿಯಾಗಿ ಸಿನಿಮಾದ ಕೊನೆಗೆ ಜೋಡಿಸಿದ್ದ. ಇನ್ನು ಎಲ್ಲವನ್ನೂ ಕಂಪ್ಯೂಟರ್ ಒಂದಾಗಿ ಹೆಣೆಯಬೇಕು, ಆ ಹಸಿರು ಗೆರೆ ಕೊನೆ ಮುಟ್ಟಿದರೆ ಸಿನಿಮಾ ಸಿದ್ಧ. ಅಪ್ಪ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದರೆ ಅದನ್ನು ಅಣ್ಣನೂ ಅಕ್ಕನೂ ಊರವರೂ ಒಟ್ಟಿಗೆ ಕೇಳಲಿ ಎಂಬ ಆಸೆ ಒಳಗೊಳಗೇ ಇತ್ತು.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಮತ್ತೆ ಆರಿಹೋಯ್ತಾ?"

"ಬಿಸಿಯಾಗ್ತಾ ಇದೆ. ಬಿಸಿಯಾದ್ರೆ ಅದಾಗೇ ಆರಿಹೋಗುತ್ತೆ."

"ಅಂಗಡಿಗೆ ತಗೊಂಡು ಹೋಗಿ ತೋರಿಸ್ಬಾರ್ದಾ? ಇನ್ನೂ ಹೊತ್ತಿದೆ."

"ಅಪ್ಪ ಯಾವತ್ತಾದ್ರೂ ಒಂದು ವಸ್ತುನ ಅಂಗಡಿಗೆ ಕೊಟ್ಟಿದ್ದು ನೋಡಿದೀಯಾ?"

"ಮಾವ ಕೊಟ್ಟಿದ್ದು ನೋಡಿಲ್ಲ" ಎಂದು ಒಪ್ಪಿಕೊಂಡು ಹೆಂಡತಿ ಒಳಗೆ ಹೋದಳು.

ಅದು ಆ ಬೀದಿಗೆಲ್ಲ ಗೊತ್ತಿದ್ದ ಮಾತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಅಪ್ಪ, ರಜೆ ಬಂತೆಂದರೆ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಿದ್ದರು. ಬೀದಿಯವರ ಕೆಟ್ಟ ಮಿಕ್ಸಿ, ನಿಂತ ಗಡಿಯಾರ, ಮೂಕವಾದ ರೇಡಿಯೋ ಎಲ್ಲ ಅವರ ಮೇಜಿಗೇ ಬರುತ್ತಿದ್ದವು. ಎರಡು ದಿನ ಬಿಟ್ಟು ಹೊಸದರ ಹಾಗೆ ಓಡುತ್ತಾ ವಾಪಸು ಹೋಗುತ್ತಿದ್ದವು. ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುವುದು ಪುಟ್ಟನ ಕೆಲಸ. "ಇಲ್ಲಿ ಬಿಡೋ ಬೆಳಕು, ನನ್ನ ಮುಖಕ್ಕಲ್ಲ" ಎಂದು ಅಪ್ಪ ಗದರುವುದು, ಪುಟ್ಟ ನಿದ್ದೆಗಣ್ಣಲ್ಲಿ ಬೆಳಕನ್ನು ಸರಿಸುವುದು, ಅಪ್ಪ ಮಗನ ಮಾತುಕತೆಯೆಲ್ಲ ಆಗಿದ್ದು ಹಾಗೆಯೇ.

ಪುಟ್ಟ ಎದ್ದು ಕಂಪ್ಯೂಟರಿನ ಡಬ್ಬಿಯ ಪಕ್ಕವನ್ನು ಮುಟ್ಟಿ ನೋಡಿದ. ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಕೆಳಗೆ ಹೋಗಿ ಅಪ್ಪನ ಟೂಲ್ ಬಾಕ್ಸ್ ಎತ್ತಿಕೊಂಡು ಬಂದ.

ಅವನು ಇನ್ನೂ ಮೊದಲನೆಯ ಸ್ಕ್ರೂ ಹುಡುಕುತ್ತಿದ್ದಾಗ ಭಾವ ಬಂದ. ಅಕ್ಕನ ಗಂಡ. ನಲ್ಲಿ ಪೈಪುಗಳ ಅಂಗಡಿ ಇಟ್ಟಿದ್ದ ಅವನಿಗೆ, ಒಳಗೆ ಏನಾದರೂ ಹರಿಯುವ ವಸ್ತುವಾದರೆ ಸಾಕು, ಅದು ತನ್ನ ವಿಷಯ ಎಂಬ ನಂಬಿಕೆ. ಸಂಜೆಯ ಸಭೆಗೆ ಯಾರಿಂದಲೋ ಪ್ರೊಜೆಕ್ಟರ್ ಬೇಡಿ ತಂದಿದ್ದ. ಡಬ್ಬಿಯನ್ನು ಕಂಡದ್ದೇ ಪ್ರೊಜೆಕ್ಟರನ್ನು ಮಂಚದ ಮೇಲೆ ಬಿಸಾಕಿ ಅಂಗಿಯ ತೋಳು ಮಡಚಿದ.

"ಏನಿಲ್ಲ ಪುಟ್ಟ, ಗಾಳಿ ಬ್ಲಾಕ್ ಆಗಿದೆ. ನಾನು ಇದರ ವಿಡಿಯೋ ನೋಡಿದೀನಿ. ಪಕ್ಕದ ತಗಡು ಕೊರೆದು ಫ್ಯಾನ್ ಹಾಕ್ತಾರೆ. ಬಿಸಿ ಗಾಳಿ ಹೊರಗೆ, ತಣ್ಣನೆ ಗಾಳಿ ಒಳಗೆ. ನೀರಿನ ಲೆಕ್ಕವೇ."

"ಪೂರ್ತಿ ನೋಡಿದೀರಾ ಭಾವ?"

"ಮಧ್ಯದಲ್ಲಿ ಗಿರಾಕಿ ಬಂದ್ರು. ಆದ್ರೆ ಕೈಗೆ ಬಂದುಬಿಟ್ಟಿದೆ."

ಪಕ್ಕದ ತಗಡು ಬಿಚ್ಚಿದರು. ಒಳಗೆ ಹಾಸಿಗೆ ಹಾಸಿದ ಹಾಗೆ ಧೂಳು. ಭಾವ ಬಗ್ಗಿ, ಕೆನ್ನೆ ಉಬ್ಬಿಸಿ ಊದಿದ. ಧೂಳೆಲ್ಲ ಎದ್ದು ಸ್ವಲ್ಪ ಹೊತ್ತು ಗಾಳಿಯಲ್ಲಿ ಯೋಚಿಸಿ, ಅರ್ಧ ಭಾವನ ಕಣ್ಣಿಗೂ ಅರ್ಧ ವಾಪಸು ಡಬ್ಬಿಗೂ ಹೋಯಿತು. ಭಾವ ಕಿರುಚಿಕೊಂಡ. ಆ ಸದ್ದಿಗೆ ಪಕ್ಕದ ಮನೆಯ ಡ್ರೈವರ್ ಮಾಮ ಬಂದರು.

ಡ್ರೈವರ್ ಮಾಮ ಬಸ್ಸು ಓಡಿಸಿ ನಿವೃತ್ತರಾದವರು. ನಿವೃತ್ತಿಯಾಗಿದ್ದು ಅವರ ಕಾಲುಗಳಿಗೆ ಇನ್ನೂ ತಿಳಿದಿರಲಿಲ್ಲ. ಕುರ್ಚಿಯಲ್ಲಿ ಕೂತರೂ ಬಲಗಾಲು ಆಗಾಗ ಬ್ರೇಕ್ ಒತ್ತುತ್ತಿತ್ತು. ಡಬ್ಬಿಯೊಳಗೆ ಇಣುಕಿ, ಮಧ್ಯದಲ್ಲಿ ಸೀಳು ಸೀಳಾಗಿದ್ದ ಲೋಹದ ಗಟ್ಟಿಯನ್ನೂ ಅದರ ಮೇಲಿನ ಪುಟಾಣಿ ಫ್ಯಾನನ್ನೂ ನೋಡಿದರು.

"ಇದು ರೇಡಿಯೇಟರ್. ಬಿಚ್ಚಿ ಸ್ವಚ್ಛ ಮಾಡ್ಬೇಕು. ನಿಮ್ಮಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಬಿಚ್ಚಿ ಮಡಗಿರೋರು. ನನ್ನ ರೇಡಿಯೋ, ಹೊಗೆ ಬರ್ತಿತ್ತಪ್ಪ ಅದರಿಂದ. ಎರಡೇ ದಿನ. ಇವತ್ತಿಗೂ ಗಂಟೆ ಹೊಡೆದ ಹಾಗೆ ಹಾಡುತ್ತೆ. ಎಂಥಾ ಕೈ ಅದು!"

ಅಪ್ಪನ ಹೆಸರು ಬಂದ ಮೇಲೆ ಬಿಚ್ಚದಿರಲು ಆಗುತ್ತದೆಯೇ? ಬಿಚ್ಚಿದರು. ಆ ಲೋಹದ ಗಟ್ಟಿಯ ತಳದಲ್ಲೂ ಅದರಡಿಯ ಕಂಪ್ಯೂಟರ್ ಚಿಪ್ಪಿನ ಮೇಲೂ ಬೂದು ಬಣ್ಣದ್ದೇನೋ ಮೆತ್ತಿಕೊಂಡಿತ್ತು.

"ನೋಡು ಕೊಳೆ! ಯಾರೋ ಟೂತ್‌ಪೇಸ್ಟ್ ಮೆತ್ತಿದಾರೆ" ಎಂದು ಡ್ರೈವರ್ ಮಾಮ ತಮ್ಮ ಕರವಸ್ತ್ರದಲ್ಲಿ ಎರಡನ್ನೂ ಕನ್ನಡಿಯಾಗುವಂತೆ ಉಜ್ಜಿದರು. ಚಿಪ್ಪಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸಲೆಂದೇ ಆ ಪೇಸ್ಟನ್ನು ಹಚ್ಚಿರುತ್ತಾರೆ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿರಲಿಲ್ಲ. ಪುಟ್ಟನಂತೂ ಎರಡೂ ಫಳಫಳ ಹೊಳೆಯುವುದನ್ನು ಕಂಡು ಅರ್ಧ ಗೆದ್ದೆ ಎಂದುಕೊಂಡ. ಎಲ್ಲ ಜೋಡಿಸಿ, ಕೊನೆಗೆ ಉಳಿದ ಎರಡು ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡು ಸ್ವಿಚ್ಚು ಒತ್ತಿದ.

ಮೊದಲಾದರೆ ಗೆರೆ ಅರ್ಧದವರೆಗಾದರೂ ಹೋಗುತ್ತಿತ್ತು. ಈಗ ಹೊರಡುವ ಮೊದಲೇ ಆರಿಹೋಯಿತು.

ಫೋನು ಹೊಡೆದುಕೊಂಡಿತು. ಅಣ್ಣ. "ಆಯ್ತೇನೋ?"

"ಆಗ್ತಾ ಇದೆ ಅಣ್ಣ."

"ಸ್ಟುಡಿಯೋದವನ ನಂಬರ್ ನನ್ನ ಹತ್ರ ಇದೆ. ಈಗ್ಲೂ ಹೇಳ್ಬಿಡು."

"ಬೇಡ ಅಣ್ಣ. ಅಂತಿಮ ಹಂತದಲ್ಲಿದೆ" ಎಂದ ಪುಟ್ಟ. ಅದು ಸುಳ್ಳಾಗಿರಲಿಲ್ಲ. ದಿನವಿಡೀ ಮರಣದ ಮೇಜಿನಲ್ಲಿ ಕೂರುವವನಿಗೆ ಅಂತಿಮ ಹಂತ ಹೇಗಿರುತ್ತದೆಂದು ಗೊತ್ತಿರುತ್ತದೆ.

"ಇನ್ನು ಕೊರೆಯೋದೇ ದಾರಿ" ಎಂದ ಭಾವ, ಒಂದು ಕಣ್ಣು ಕೆಂಪಗೆ ಮಾಡಿಕೊಂಡು.

ಭಾವ ಹೋಗಿ ಕಂಪ್ಯೂಟರ್ ಸಾಮಾನಿನ ಅಂಗಡಿಯಿಂದ ಎರಡು ಫ್ಯಾನು ತಂದ. ತನ್ನ ಅಂಗಡಿಯಿಂದ ಡ್ರಿಲ್ಲು, ತಗಡು ಕತ್ತರಿ ತಂದ. ಪುಟ್ಟ ಪಕ್ಕದ ತಗಡನ್ನು ಬಾಲ್ಕನಿಗೆ ಒಯ್ದು, ಸಕ್ಕರೆ ಡಬ್ಬಿಯ ಮುಚ್ಚಳ ಬೋರಲು ಹಾಕಿ ಪೆನ್ಸಿಲಿನಲ್ಲಿ ಗುಂಡಗೆ ಗೀಟು ಎಳೆದ. ಡ್ರಿಲ್ಲು ಶುರುವಾದಾಗ ಬೀದಿಯ ನಾಯಿಗಳೆಲ್ಲ ಒಟ್ಟಾಗಿ ಉತ್ತರ ಕೊಟ್ಟವು. ಗೀಟಿನುದ್ದಕ್ಕೂ ಸಣ್ಣ ಸಣ್ಣ ತೂತು ಕೊರೆದು, ಅವುಗಳ ನಡುವಿನ ತಗಡನ್ನು ಕತ್ತರಿಯಿಂದ ಕತ್ತರಿಸುತ್ತಾ ಹೋಗುವಷ್ಟರಲ್ಲಿ ಪುಟ್ಟನ ಮೂರು ಬೆರಳಲ್ಲಿ ರಕ್ತ ಬಂತು. ಆದರೂ ಕೊನೆಗೆ ಬಿದ್ದ ತೂತು ಎಷ್ಟು ಗುಂಡಗಿತ್ತೆಂದರೆ, ಮೂವರೂ ಸ್ವಲ್ಪ ಹೊತ್ತು ಅದರ ಮೂಲಕ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅಪ್ಪನ ಮಗ ಕಣೋ ನೀನು" ಎಂದರು ಡ್ರೈವರ್ ಮಾಮ. ಪುಟ್ಟನಿಗೆ ಬೆರಳ ಉರಿ ಮರೆತೇಹೋಯಿತು.

ಫ್ಯಾನನ್ನು ತೂತಿಗೆ ಬಿಗಿದು, ತಗಡನ್ನು ಡಬ್ಬಿಗೆ ಕೂರಿಸಲು ಹೋದರು. ಕೂರಲಿಲ್ಲ. ಫ್ಯಾನು ಯಾವುದಕ್ಕೋ ತಗುಲುತ್ತಿತ್ತು. ತಿರುಗಿಸಿ ನೋಡಿದರು, ಒತ್ತಿ ನೋಡಿದರು, ಡ್ರೈವರ್ ಮಾಮ ಮೊಣಕಾಲು ಕೊಟ್ಟೂ ನೋಡಿದರು.

ಹೆಂಡತಿ ಸೊಪ್ಪು ಬಿಡಿಸುತ್ತಾ ಅಲ್ಲೇ ನಿಂತಿದ್ದಳು. "ಆ ಡಬ್ಬಿಗೆ ಎರಡು ಪಕ್ಕ ಇದೆ ಅಲ್ವಾ? ನೀವು ಬೆಳಗ್ಗೆ ಬಿಚ್ಚಿದ್ದು ಎಡಗಡೆದು. ಈಗ ಕೊರೆದಿರೋದು ಬಲಗಡೆದು."

ಮೂವರೂ ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅವಳ ಮಾತು ನಿಜ. ಬಾಲ್ಕನಿಯ ಬಾಗಿಲ ಹತ್ತಿರ ಎಡಗಡೆಯ ತಗಡು ಒರಗಿ ನಿಂತಿತ್ತು. ಅದರ ಮೇಲೆ ಗೀಟೂ ಇರಲಿಲ್ಲ, ಗಾಯವೂ ಇರಲಿಲ್ಲ. ಧೂಳು ಜಾಡಿಸಲೆಂದು ಭಾವ ಎರಡನೆಯದನ್ನೂ ಬಿಚ್ಚಿಟ್ಟಿದ್ದು ಪುಟ್ಟನಿಗೆ ಗೊತ್ತಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಿದ್ದ. ಬಲಗಡೆ ತಗಡಿನ ಹಿಂದೆ ಇರುವುದು ಬರೀ ಕಬ್ಬಿಣದ ಹಲಗೆ. ಅಲ್ಲಿ ಫ್ಯಾನು ಹಾಕುವುದೂ ಒಂದೇ, ಗೋಡೆಗೆ ಬೀಸಣಿಗೆ ಬೀಸುವುದೂ ಒಂದೇ.

"ಒಂದು ತೂತು ಅಭ್ಯಾಸಕ್ಕೆ ಅಂದ್ಕೊಳ್ಳೋಣ" ಎಂದ ಭಾವ.

ಎರಡನೆಯ ತೂತು ಅಷ್ಟು ಗುಂಡಗೆ ಬರಲಿಲ್ಲ. ಅವಸರಕ್ಕೆ ಕತ್ತರಿ ಜಾರಿ, ಒಂದು ಕಡೆ ಬಾಯಿ ಸೊಟ್ಟ ಮಾಡಿ ಅಳುವ ಮಗುವಿನ ಹಾಗೆ ಆಯಿತು. ಒಂದು ಫ್ಯಾನು ಅದಕ್ಕೆ, ಇನ್ನೊಂದು ಡಬ್ಬಿಯ ಹಿಂಬದಿಗೆ. ಸ್ವಿಚ್ಚು ಹಾಕಿದರು. ಎರಡೂ ತಿರುಗಿದವು. ಗೆರೆ ಕಾಲು ಭಾಗ ಹೋಯಿತು. ಕಂಪ್ಯೂಟರ್ ಆರಿತು.

"ಹೇಗೆ ಸಾಧ್ಯ!" ಎಂದ ಭಾವ.

ಹೆಂಡತಿ ಹಳೆಯ ಪೇಪರಿನಿಂದ ಒಂದು ಉದ್ದನೆಯ ಚೂರು ಹರಿದು ತಂದಳು. "ಮತ್ತೆ ಹಾಕಿ" ಎಂದು, ಚೂರನ್ನು ಪಕ್ಕದ ಫ್ಯಾನಿನ ಮುಂದೆ ಹಿಡಿದಳು. ಅದು ಒಳಕ್ಕೆ ಎಳೆದುಕೊಂಡಿತು. ಹಿಂದಿನ ಫ್ಯಾನಿನ ಮುಂದೆ ಹಿಡಿದಳು. ಅದೂ ಒಳಕ್ಕೇ ಎಳೆದುಕೊಂಡಿತು. "ಎರಡೂ ಒಳಗೇ ಊದ್ತಾ ಇದೆ. ಬಿಸಿ ಗಾಳಿ ಹೋಗೋದೆಲ್ಲಿಗೆ?"

ಹಿಂದಿನದನ್ನು ತಿರುಗಿಸಿ ಹಾಕಿದರು. ಈ ಸಲ ಗೆರೆ ಅರ್ಧದವರೆಗೆ ಹೋಯಿತು. ಬೆಳಗ್ಗೆ ಏನೂ ಮುಟ್ಟದೆ ಇದ್ದಾಗ ಎಲ್ಲಿಯವರೆಗೆ ಹೋಗುತ್ತಿತ್ತೋ ಸರಿಯಾಗಿ ಅಲ್ಲಿಯವರೆಗೆ. ಇಷ್ಟು ರಕ್ತ ಸುರಿಸಿ, ಎರಡು ತೂತು ಕೊರೆದು, ಪುಟ್ಟ ಹೊರಟ ಜಾಗಕ್ಕೇ ವಾಪಸು ಬಂದಿದ್ದ. ಅವನಿಗೆ ಅಳು ಬಂತು. ಗೋಡೆಯ ಗಡಿಯಾರ ನೋಡಲು ಹೆದರಿಕೆಯಾಯಿತು. ಕೆಳಗಿನ ಮನೆಯಲ್ಲಿ ಕುರ್ಚಿ ಹಾಕುವ ಸದ್ದು ಮೆಟ್ಟಿಲೇರಿ ಬರುತ್ತಿತ್ತು. ಅಣ್ಣ ಬಂದಿದ್ದಾನೆ, ಇನ್ನೇನು ಮೇಲೆ ಬರುತ್ತಾನೆ, ಬಾಗಿಲಲ್ಲಿ ನಿಂತು ಏನೂ ಅನ್ನದೆ ಬರೀ ತಲೆಯಾಡಿಸುತ್ತಾನೆ. ಬೈದರೂ ತಡೆದುಕೊಳ್ಳಬಹುದು, ಆ ತಲೆಯಾಡಿಸುವುದನ್ನು ತಡೆದುಕೊಳ್ಳುವುದು ಕಷ್ಟ.

"ಧೈರ್ಯ ಬಿಡ್ಬೇಡ. ಬಸ್ಸು ಘಾಟಿ ಹತ್ತೋವಾಗ ಬಿಸಿಯಾದ್ರೆ ಏನ್ ಮಾಡ್ತಿದ್ವಿ? ಬಾನೆಟ್ ತೆಗೆದು ಓಡಿಸ್ತಿದ್ವಿ" ಎಂದು ಡ್ರೈವರ್ ಮಾಮ ಎದ್ದು ಹೋದರು. ವಾಪಸು ಬಂದಾಗ ಅವರ ಕೈಯಲ್ಲಿ ಅವರ ಬಚ್ಚಲುಮನೆಯ ಎಗ್ಸಾಸ್ಟ್ ಫ್ಯಾನಿತ್ತು. ಗೋಡೆಯಿಂದ ಕಿತ್ತ ರಭಸಕ್ಕೆ ಅದರ ಜೊತೆ ಸ್ವಲ್ಪ ಗೋಡೆಯೂ ಬಂದಿತ್ತು.

ಎಡಗಡೆಯ ತಗಡನ್ನು ಕಿತ್ತು ಪಕ್ಕಕ್ಕಿಟ್ಟರು. ತೆರೆದ ಆ ಬಾಯಿಗೆ ಎಗ್ಸಾಸ್ಟ್ ಫ್ಯಾನನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಎದುರಿಗೆ ಮಲಗುವ ಕೋಣೆಯ ಟೇಬಲ್ ಫ್ಯಾನು ಇಟ್ಟರು. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಹೊರಟ ಸದ್ದಿಗೆ ಅಡುಗೆಮನೆಯ ತಟ್ಟೆಗಳು ನಡುಗಿದವು, ಪಕ್ಕದಲ್ಲಿದ್ದವರ ಮಾತು ಪಕ್ಕದವರಿಗೆ ಕೇಳದಾಯಿತು. ಆದರೆ ಗೆರೆ ಅರ್ಧ ದಾಟಿತು, ಮುಕ್ಕಾಲು ದಾಟಿತು. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಕೊನೆ ಮುಟ್ಟಿತು. ಭಾವ ಪುಟ್ಟನನ್ನು ತಬ್ಬಿಕೊಂಡು ಏನೋ ಕೂಗಿದ. ಏನೆಂದು ಇವತ್ತಿಗೂ ಪುಟ್ಟನಿಗೆ ಗೊತ್ತಿಲ್ಲ.

ಸಿನಿಮಾವನ್ನು ಬೇರೆ ಯಾವುದಕ್ಕಾದರೂ ಇಳಿಸಿಕೊಳ್ಳೋಣವೆಂದರೆ, ಪ್ರೊಜೆಕ್ಟರಿಗೆ ಇದ್ದದ್ದು ಕಂಪ್ಯೂಟರಿನ ವೈರು ಒಂದೇ. ಕೆಳಗೆ ಜನ ಸೇರಿಯಾಗಿತ್ತು. ಡಬ್ಬಿಯನ್ನೇ ಹೊತ್ತು ಇಳಿಸಿದರು. ಮುಂದೆ ಭಾವ, ಹಿಂದೆ ಡ್ರೈವರ್ ಮಾಮ, ನಡುವೆ ಒಂದು ಕೈಯಲ್ಲಿ ವೈರುಗಳನ್ನೂ ಇನ್ನೊಂದರಲ್ಲಿ ಅಪ್ಪನ ಟೂಲ್ ಬಾಕ್ಸನ್ನೂ ಹಿಡಿದು ತಲೆ ತಗ್ಗಿಸಿ ನಡೆಯುವ ಪುಟ್ಟ. ಹೋದ ತಿಂಗಳು ಅದೇ ಮೆಟ್ಟಿಲ ಬುಡದಿಂದ ಅಪ್ಪನನ್ನು ಹೊತ್ತು ನಡೆದದ್ದೂ ಈ ಮೂವರೇ. ನಾಲ್ಕನೆಯವನಾಗಿದ್ದ ಅಣ್ಣ ಈಗ ಬಾಗಿಲಲ್ಲಿ ನಿಂತು ಮೆರವಣಿಗೆಯನ್ನು ನೋಡಿದ. ಹಗ್ಗ ಕಟ್ಟಿಸಿಕೊಂಡ ಡಬ್ಬಿಯನ್ನೂ ನೋಡಿದ. ತಲೆಯಾಡಿಸಿದ.

ಸಿನಿಮಾ ಶುರುವಾಯಿತು. ಫ್ಯಾನುಗಳೂ ಶುರುವಾದವು. ಗೋಡೆಯ ಮೇಲೆ ಅಪ್ಪ ಚಡ್ಡಿ ಹಾಕಿಕೊಂಡ ಹುಡುಗನಾಗಿ ನಿಂತರು, ಮದುಮಗನಾಗಿ ಬೆವೆತರು, ಮೊಮ್ಮಕ್ಕಳನ್ನು ಎತ್ತಿಕೊಂಡರು. ಪುಟ್ಟ ಹಾಕಿದ್ದ ಮೆಲುದನಿಯ ಸಂಗೀತ ಯಾರಿಗೂ ಕೇಳಿಸಲಿಲ್ಲ. ಕೊಠಡಿಯಲ್ಲಿ ವಿಮಾನ ಹೊರಡುವ ಸದ್ದು. ಮುಂದಿನ ಸಾಲಿನ ಹೆಂಗಸರ ಸೆರಗು ಹಾರುತ್ತಿತ್ತು. ಆದರೂ ಜನ ಅತ್ತರು. ಗಾಳಿಗೆ ಕಣ್ಣೀರು ಬೇಗ ಒಣಗುತ್ತಿತ್ತು, ಅಷ್ಟೇ.

ಕೊನೆಗೆ ಅಪ್ಪ ಹಾಸಿಗೆಯಲ್ಲಿ ಒರಗಿ ಕೂತ ವಿಡಿಯೋ ಬಂತು. ಸೊರಗಿದ ಮುಖ. ತುಟಿಗಳು ಅಲುಗಾಡಿದವು. ಏನೂ ಕೇಳಲಿಲ್ಲ.

"ಏನ್ ಹೇಳ್ತಿದಾರೆ? ಆ ಫ್ಯಾನ್ ಆರಿಸೋ!" ಎಂದು ಅಕ್ಕ ಕೂಗಿದಳು.

"ಆರಿಸೋ ಪುಟ್ಟ!" ಎಂದು ಅಣ್ಣ ಅವನ ಕಿವಿಯ ಹತ್ತಿರ ಬಂದು ಅರಚಿದ.

ಅತ್ತ ದರಿ, ಇತ್ತ ಪುಲಿ. ಫ್ಯಾನು ಹಾಕಿದರೆ ಅಪ್ಪ ಕಾಣುತ್ತಾರೆ, ಕೇಳುವುದಿಲ್ಲ. ಆರಿಸಿದರೆ ಕೇಳುತ್ತಾರೆ, ಆದರೆ ಎಷ್ಟು ಹೊತ್ತು? ಪುಟ್ಟ ವಿಡಿಯೋವನ್ನು ಮೊದಲಿಗೆ ತಂದು, ಎಗ್ಸಾಸ್ಟ್ ಫ್ಯಾನನ್ನೂ ಟೇಬಲ್ ಫ್ಯಾನನ್ನೂ ಆರಿಸಿದ. ಕೊಠಡಿ ಒಮ್ಮೆಗೇ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅಪ್ಪ ಕೆಮ್ಮಿದರು.

"ಪುಟ್ಟನ ವಿಷಯ ಹೇಳ್ಬೇಕು. ನನ್ನ ಮೂವರು ಮಕ್ಕಳಲ್ಲಿ ನನ್ನ ಕೈಗುಣ ಬಂದಿರೋದು ಅವನೊಬ್ಬನಿಗೇ. ದೊಡ್ಡೋನಿಗೆ ಬರ್ಲಿಲ್ಲ, ಮಗಳಿಗೂ ಬರ್ಲಿಲ್ಲ. ಅವನ ಕೈ ನೋಡಿದ್ರೆ ನನ್ನ ಕೈ ನೋಡಿದ ಹಾಗೇ ಇರುತ್ತೆ."

ಟಪ್. ಗೋಡೆ ಕಪ್ಪಾಯಿತು.

ಅಂಚೆ ಕಚೇರಿಯ ಮುದುಕರೊಬ್ಬರು ಮೂಗು ಒರೆಸಿಕೊಂಡರು. ಅಕ್ಕ ಬಿಕ್ಕಿದಳು. ಡ್ರೈವರ್ ಮಾಮ ಗಾಯವಾಗಿದ್ದ ಪುಟ್ಟನ ಬೆರಳುಗಳನ್ನು ಎತ್ತಿ ಹಿಡಿದು, "ನಾನು ಬೆಳಗ್ಗೆನೇ ಹೇಳ್ಲಿಲ್ವಾ!" ಎಂದು ಸಭೆಗೆಲ್ಲ ತೋರಿಸಿದರು. ಆಗ ಅಣ್ಣ ಎದ್ದು ಬಂದ. ಕಣ್ಣು ತುಂಬಿತ್ತು. ಮೂಲೆಯಲ್ಲಿದ್ದ ಅಪ್ಪನ ಟೂಲ್ ಬಾಕ್ಸನ್ನು ಎರಡೂ ಕೈಯಲ್ಲಿ ಎತ್ತಿ ಪುಟ್ಟನ ಮಡಿಲಲ್ಲಿ ಇಟ್ಟ.

"ಇದು ನಿಂದು ಕಣೋ. ಇಷ್ಟು ವರ್ಷ ನಿನ್ನನ್ನ ಕೈಲಾಗದೋನು ಅಂದ್ಕೊಂಡಿದ್ದೆ. ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಾಗ್ಲಿಲ್ಲ. ನಾಳೆ ಮನೆಗೆ ಬಾ. ನಮ್ಮನೆ ಫ್ರಿಜ್ ಸದ್ದು ಮಾಡ್ತಿದೆ, ನೀನೇ ನೋಡ್ಬೇಕು."

ಅಣ್ಣನ ತೋಳು ಪುಟ್ಟನ ಹೆಗಲ ಮೇಲಿತ್ತು. ನಲವತ್ತು ವರ್ಷದಲ್ಲಿ ಅದು ಅಲ್ಲಿಗೆ ಬಂದದ್ದು ಅದೇ ಮೊದಲು. ಟೂಲ್ ಬಾಕ್ಸನ್ನು ಎದೆಗೆ ಒತ್ತಿಕೊಂಡು ಪುಟ್ಟ ಅತ್ತ. ಹೋದ ತಿಂಗಳು ಅಳಬೇಕಾಗಿದ್ದನ್ನೂ ಸೇರಿಸಿ ಅತ್ತ.

"ಇನ್ನೂ ಇತ್ತಲ್ವಾ?" ಎಂದ ಭಾವ. "ಅವರ ಮಾತು ಮುಗಿದಿರ್ಲಿಲ್ಲ. ಅತ್ತೆ ಫೋನಲ್ಲಿ ಪೂರ್ತಿ ಇರುತ್ತೆ."

"ಸಾಕು ಬಿಡಿ" ಎಂದಳು ಅಮ್ಮ ಥಟ್ಟನೆ. "ಇಷ್ಟು ಕೇಳಿದ್ರಲ್ಲ, ಸಾಕು."

"ಅಪ್ಪನ ಕೊನೇ ಮಾತಮ್ಮ!" ಎಂದು ಅಕ್ಕ ಅಮ್ಮನ ಕೈಯಿಂದ ಫೋನು ತೆಗೆದುಕೊಂಡಳು. ಅಮ್ಮ ಪುಟ್ಟನ ಕಡೆ ನೋಡಿದಳು. ಕೇಳು ಎಂದು ಹೇಳಿದ್ದೆನಲ್ಲೋ ಎಂಬ ನೋಟ ಅದು. ಪುಟ್ಟನಿಗೆ ಕಣ್ಣೀರಿನಲ್ಲಿ ಅದು ಕಾಣಲಿಲ್ಲ. ಆ ಪುಟಾಣಿ ಫೋನಿನಿಂದ ಅಪ್ಪನ ದನಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಬೆಳಗಿನಿಂದಲೂ ಅದು ಅಷ್ಟೇ ಸ್ಪಷ್ಟವಾಗಿ ಅಲ್ಲಿತ್ತು.

"ಅದಕ್ಕೇ ನನಗೆ ಚಿಂತೆ" ಎಂದರು ಅಪ್ಪ. "ಯಾರಿಗೂ ಹೇಳಿಲ್ಲ, ಈಗ ಹೇಳ್ತೀನಿ. ನಾನು ಬಿಚ್ಚಿದ್ದು ಒಂದೂ ನನ್ನ ಕೈಲಿ ಸರಿಹೋಗಿಲ್ಲ. ಬಿಚ್ಚಿ, ಇನ್ನಷ್ಟು ಕೆಡಿಸಿ, ನಾಳೆ ನೋಡೋಣ ಅಂತ ಆಫೀಸಿಗೆ ಹೋಗ್ತಿದ್ದೆ. ಇವಳು ಅದನ್ನ ಚೀಲದಲ್ಲಿ ಹಾಕ್ಕೊಂಡು ಮಾರ್ಕೆಟ್ ಹಿಂದಿನ ರಿಪೇರಿ ಅಂಗಡಿಗೆ ಹೋಗಿ, ಸರಿ ಮಾಡಿಸ್ಕೊಂಡು ಬಂದು, ಇದ್ದಲ್ಲೇ ಇಡ್ತಿದ್ಲು. ನಾನು ಬಂದು ಸ್ವಿಚ್ ಹಾಕ್ತಿದ್ದೆ, ಓಡ್ತಿತ್ತು. ಮೊದಮೊದಲು ನಾನೇ ಮಾಡಿದ್ದು ಅಂದ್ಕೊಂಡಿದ್ದೆ. ಗೊತ್ತಾದ ಮೇಲೆ ಹೇಳೋಕೆ ನಾಚಿಕೆ ಆಯ್ತು. ಪಕ್ಕದ ಮನೆ ಡ್ರೈವರ್ ರೇಡಿಯೋ ಅಂತೂ ಆ ಅಂಗಡಿಯವನ ಕೈಲೂ ಆಗ್ಲಿಲ್ಲ. ಪಾಪ, ಇವಳು ಅದೇ ಥರದ್ದು ಇನ್ನೊಂದು ಹುಡುಕಿ ತಂದಿಟ್ಲು. ಪುಟ್ಟಂದೂ ನನ್ನ ಕೈಯೇ. ಅವನ ಹತ್ರ ಸ್ಕ್ರೂಡ್ರೈವರ್ ಮಾತ್ರ ಕೊಡ್ಬೇಡಿ. ಅವನಾಗೇ ತಗೊಂಡ್ರೆ, ಆ ಅಂಗಡಿ ಎಲ್ಲಿದೆ ಅಂತ ಅವನ ಹೆಂಡ್ತಿಗಾದ್ರೂ ಹೇಳಿಡಿ."

ಎಲ್ಲರ ಕಣ್ಣೂ ಒಟ್ಟಿಗೆ ಹಗ್ಗ ಕಟ್ಟಿದ ಡಬ್ಬಿಯ ಕಡೆ ತಿರುಗಿತು. ಅಕ್ಕನ ಗಂಟಲಿಂದ ಒಂದು ಸದ್ದು ಹೊರಟಿತು, ಬಿಕ್ಕಳಿಕೆಯೋ ನಗುವೋ ಅವಳಿಗೇ ಗೊತ್ತಾಗಲಿಲ್ಲ. ಮುಂದಿನ ಕ್ಷಣ ಇಡೀ ಕೊಠಡಿ ನಕ್ಕಿತು. ಅಂಚೆ ಕಚೇರಿಯ ಮುದುಕರು ಕುರ್ಚಿ ಹಿಡಿದುಕೊಂಡು ನಕ್ಕರು. ಅಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣೀರು ಇಳಿಯುತ್ತಿದ್ದಂತೆಯೇ ನಕ್ಕಳು. ಡ್ರೈವರ್ ಮಾಮ ಮಾತ್ರ ನಗಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ಕೇಳಿದ್ದು ಯಾರ ರೇಡಿಯೋ?" ಎಂದರು.

ಅಣ್ಣ ತನ್ನ ತೋಳನ್ನು ಮೆಲ್ಲಗೆ ಹೆಗಲಿಂದ ತೆಗೆದ. ಟೂಲ್ ಬಾಕ್ಸನ್ನೂ ಮೆಲ್ಲಗೆ ಮಡಿಲಿಂದ ತೆಗೆದು, ಎತ್ತರದ ಬೀರುವಿನ ಮೇಲೆ, ಪುಟ್ಟನ ಕೈಗೆ ಎಟುಕದಂತೆ ಇಟ್ಟ. "ಫ್ರಿಜ್ಜಿಗೆ ಬೇರೆ ಯಾರನ್ನಾದ್ರೂ ಕರೀತೀನಿ ಬಿಡು" ಎಂದ.

ಪುಟ್ಟನಿಗೆ ನಗು ಬರಲಿಲ್ಲ. ಟಾರ್ಚು ಹಿಡಿದು ನಿಂತಿದ್ದ ಅಷ್ಟೂ ವರ್ಷ, ಅಪ್ಪ ಎಲ್ಲ ಬಲ್ಲವರೆಂದು ಅವನು ನಂಬಿದ್ದ. ಬೆಳಕು ಸರಿಯಾಗಿ ಹಿಡಿ ಎಂದು ಗದರುತ್ತಿದ್ದ ಅಪ್ಪನಿಗೂ ಒಳಗೆ ಏನಿದೆಯೆಂದು ಗೊತ್ತಾಗುತ್ತಿರಲಿಲ್ಲ. ಪಾಪ ಅಪ್ಪ, ಎಂದು ಅವನಿಗೆ ಅನ್ನಿಸಿತು. ಅವರು ಬದುಕಿದ್ದಾಗ ಹಾಗೆ ಒಂದು ದಿನವೂ ಅನ್ನಿಸಿರಲಿಲ್ಲ. ಈಗ ಅನ್ನಿಸಿದರೂ ಹೇಳಲು ಅವರಿರಲಿಲ್ಲ.

ಜನ ಒಬ್ಬೊಬ್ಬರೇ ಕರಗಿದರು. ಹೋಗುವಾಗ ಎಲ್ಲರೂ ಅವನ ಬೆನ್ನು ತಟ್ಟಿ, ಒಳ್ಳೆ ಸಿನಿಮಾ ಎಂದು ಹೇಳಿ, ಬಾಗಿಲು ದಾಟಿ ಮತ್ತೆ ನಕ್ಕರು. ಅಮ್ಮ ಸೊಸೆಯನ್ನು ಹತ್ತಿರ ಕರೆದಳು.

"ಅವರು ಹೇಳು ಅಂದಿದ್ದು ಹೇಳ್ಬಿಡ್ತೀನಮ್ಮ. ಮಾರ್ಕೆಟ್ ಹಿಂದೆ ಛತ್ರಿ ಅಂಗಡಿ ಇದೆಯಲ್ಲ, ಅದರ ಪಕ್ಕದ ಓಣಿಯಲ್ಲಿ..."

"ಗೊತ್ತು ಅತ್ತೆ" ಎಂದಳು ಹೆಂಡತಿ, ಗಂಡನ ಕಡೆ ನೋಡದೆ. "ಮದುವೆಯಾದ ವರ್ಷದಿಂದ ಅಲ್ಲಿಗೇ ಹೋಗ್ತಾ ಇದೀನಿ. ನಮ್ಮ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಇವರು ಬಿಚ್ಚಿದ್ದೆಲ್ಲ ಅಲ್ಲಿಗೆ ಹೋಗಿ ಬಂದಿದ್ದೇ. ಒಂದೆರಡು ಸಲ ನೀವೂ ಅಲ್ಲಿ ನಿಂತಿದ್ರಿ. ನಾನು ಕಂಬದ ಹಿಂದೆ ಸರಿದು ನಿಂತಿದ್ದೆ."

ಪುಟ್ಟ ಜೇಬಿನಲ್ಲಿದ್ದ ಎರಡು ಸ್ಕ್ರೂಗಳನ್ನು ತೆಗೆದು ಡಬ್ಬಿಯ ಮೇಲಿಟ್ಟ. ಹೆಂಡತಿ ಬಾಗಿಲ ಹಿಂದೆ ನೇತುಹಾಕಿದ್ದ ದೊಡ್ಡ ಚೀಲವನ್ನು ತೆಗೆದು, ಡಬ್ಬಿಯ ಪಕ್ಕದಲ್ಲಿ ಹಿಡಿದು, ಎಗ್ಸಾಸ್ಟ್ ಫ್ಯಾನು ಸಮೇತ ಹಿಡಿಸುತ್ತದೆಯೋ ಇಲ್ಲವೋ ಎಂದು ಅಳತೆ ನೋಡುತ್ತಿದ್ದಳು.